ಏಕಾದಶಿಯನ್ನು ನುಂಗಿದ ಪರದೆ

ನಂಜನಗೂಡಿನಲ್ಲಿ ದಿನ ಯಾವಾಗ ಬದಲಾಗಬೇಕು ಎಂಬುದನ್ನು ಒಂದು ಕಾಲದಲ್ಲಿ ಸೂರ್ಯನೇ ತೀರ್ಮಾನಿಸುತ್ತಿದ್ದ. ಬದರೀನಾರಾಯಣ ರಾಯರು ನಿವೃತ್ತರಾದ ಮೇಲೆ ಆ ಜವಾಬ್ದಾರಿಯನ್ನು ಅವರು ವಹಿಸಿಕೊಂಡರು. ಇದರಲ್ಲಿ ಉತ್ಪ್ರೇಕ್ಷೆ ಎಳ್ಳಷ್ಟೂ ಇಲ್ಲ. ನಂಬದವರು ಕಪಿಲೆಯ ಸ್ನಾನಘಟ್ಟಕ್ಕೆ ಇಳಿಯುವ ಆ ಬೀದಿಯಲ್ಲಿ ಯಾರನ್ನು ಬೇಕಾದರೂ ಕೇಳಬಹುದು, ಪಕ್ಕದ ಮನೆಯ ಸುಚೇತಾ ಟೀಚರನ್ನು ಮಾತ್ರ ಬಿಟ್ಟು.

ರಾಯರು ತಾಂಡ್ಯದ ಕಾರ್ಖಾನೆಯೊಂದರ ಉಗ್ರಾಣದಲ್ಲಿ ಮೂವತ್ತೊಂದು ವರ್ಷ ನಟ್ಟು ಬೋಲ್ಟು ಕೊಟ್ಟು ಸಹಿ ಹಾಕಿಸಿಕೊಂಡವರು. ಮನೆಗೆ ಬಂದು ಕೂತ ಮರುದಿನವೇ ಅವರಿಗೆ ಒಂದು ಸತ್ಯ ಹೊಳೆಯಿತು: ತಮ್ಮ ಮಾತು ಕೇಳುವವರು ಈ ಭೂಮಂಡಲದಲ್ಲಿ ಯಾರೂ ಉಳಿದಿಲ್ಲ. ಹೆಂಡತಿ ಜಾನಕಮ್ಮ ಮೊದಲೂ ಕೇಳುತ್ತಿರಲಿಲ್ಲ. ಆದರೆ ಆಗ ರಾಯರು ಹಗಲೆಲ್ಲ ಹೊರಗಿರುತ್ತಿದ್ದುದರಿಂದ ಅದು ಅವರ ಗಮನಕ್ಕೆ ಬಂದಿರಲಿಲ್ಲ.

ಇಂಥ ಸಂಕಟದ ಹೊತ್ತಿನಲ್ಲಿ ಅಕ್ಕನ ಮಗ ಸಮೀರ ಒಂದು ಹಳೆಯ ಲ್ಯಾಪ್‌ಟಾಪ್ ತಂದುಕೊಟ್ಟ. ಅವನೂ ತಾಂಡ್ಯದಲ್ಲೇ ಇನ್ನೊಂದು ಕಾರ್ಖಾನೆಯಲ್ಲಿ ಕಂಪ್ಯೂಟರುಗಳ ಯೋಗಕ್ಷೇಮ ನೋಡಿಕೊಳ್ಳುವವನು. ರಾಯರು ಅದನ್ನು ಮುಂದಿನ ಕೋಣೆಯಲ್ಲಿ, ಬೀದಿಯ ಕಿಟಕಿಗೆ ಎದುರಾಗಿ ಮೇಜಿನ ಮೇಲಿಟ್ಟರು. ಪರದೆಯ ತುಂಬ ಪಂಚಾಂಗದ ಪುಟ. ಅದರಲ್ಲಿ ತಿಥಿ ಮಾತ್ರ ಸೋರೆಕಾಯಿ ಗಾತ್ರದ ಅಕ್ಷರದಲ್ಲಿ. ಸೂರ್ಯೋದಯವಾಗುತ್ತಲೇ ಅಕ್ಷರ ತಾನಾಗಿ ಬದಲಾಗುವ ಹಾಗೆ ಸಮೀರ ಏರ್ಪಾಡು ಮಾಡಿದ್ದ. ಹೊಳೆಗೆ ಹೋಗುವವರು ಕಿಟಕಿಯಲ್ಲಿ ಇಣುಕಿ, ಸಂಕಲ್ಪಕ್ಕೆ ಬೇಕಾದ ತಿಥಿ ಓದಿಕೊಂಡು ಮುಂದೆ ಹೋಗಬಹುದು.

ರಾಯರು ಅಷ್ಟಕ್ಕೇ ಬಿಡುವವರಲ್ಲ. ಬಾಲ್ಡಿಯಲ್ಲಿ ಉಳಿದ ಬಿಸಿನೀರು ತಣ್ಣಗಾಗುವುದನ್ನೂ ನಷ್ಟವೆಂದು ಭಾವಿಸುವ ಮನುಷ್ಯ. ಲ್ಯಾಪ್‌ಟಾಪಿನಲ್ಲಿ ‘ವಿದ್ಯುತ್ ಉಳಿತಾಯ’ ಎಂದು ಎಲ್ಲೆಲ್ಲಿ ಬರೆದಿತ್ತೋ ಅಲ್ಲೆಲ್ಲ ಗುರುತು ಒತ್ತಿದರು. ಕೊನೆಗೆ, ಚಿತ್ರ ಮೂಡಿಸುವ ‘ಡ್ರೈವರ್’ ಎಂಬ ತಂತ್ರಾಂಶದ ಹೊಟ್ಟೆಯೊಳಗೆ ಅಡಗಿದ್ದ ಒಂದು ಗುರುತನ್ನೂ ಹುಡುಕಿ ಒತ್ತಿಬಿಟ್ಟರು.

"ಮಾವ, ಅದೊಂದನ್ನ ಒತ್ತಬೇಡಿ," ಅಂದ ಸಮೀರ.

"ಯಾಕೋ? ಕರೆಂಟು ಉಳಿಯಲ್ವೇನೋ?"

"ಉಳಿಯುತ್ತೆ. ಆ ಪರದೆಗೇ ಒಂದು ಪುಟ್ಟ ಜ್ಞಾಪಕಶಕ್ತಿ ಇರುತ್ತೆ ಮಾವ. ಚಿತ್ರ ಬದಲಾಗದೆ ಸುಮ್ನೆ ನಿಂತಿದ್ರೆ, ಒಳಗಡೆ ಚಿತ್ರ ಬರೆಯೋ ಭಾಗ ಮಲಗಿಬಿಡುತ್ತೆ. ಪರದೆ ತನ್ನ ಹತ್ರ ಇರೋ ಕೊನೇ ಚಿತ್ರವನ್ನೇ ತೋರಿಸ್ತಾ ಕೂತಿರುತ್ತೆ."

"ನೋಡು, ಎಷ್ಟು ಸಾತ್ವಿಕ."

"ಪೂರ್ತಿ ಕೇಳಿ. ಚಿತ್ರ ಬದಲಾದಾಗ ಮಲಗಿರೋದನ್ನ ಎಬ್ಬಿಸೋದು ಡ್ರೈವರ್ ಕೆಲಸ. ಈ ಹಳೇ ಡ್ರೈವರು ಕೆಲವು ಸಲ ಎಬ್ಬಿಸೋದನ್ನ ಮರೆಯುತ್ತೆ. ಆಗ ಮೌಸ್ ಅಲುಗಿಸೋವರೆಗೂ ಹಳೇ ಚಿತ್ರಾನೇ ಇರುತ್ತೆ. ಮೂಲೇಲಿ ಒಂದು ಗಡಿಯಾರನಾದ್ರೂ ಇಟ್ಕೊಳಿ, ಸೆಕೆಂಡ್ ಮುಳ್ಳು ಓಡ್ತಾ ಇದ್ರೆ ಅದಕ್ಕೆ ನಿದ್ದೆ ಹತ್ತಲ್ಲ."

"ಸೆಕೆಂಡಿನ ಮುಳ್ಳಾ? ದಿನಕ್ಕೆ ಎಂಬತ್ತಾರು ಸಾವಿರದ ನಾನೂರು ಸಲ ಅಲುಗಾಡುತ್ತೆ ಕಣೋ ಅದು. ಯಾರಪ್ಪನ ಮನೆ ಕರೆಂಟು?" ಎಂದು ರಾಯರು ಗಡಿಯಾರವನ್ನೂ ತೆಗೆಸಿದರು.

ಮೊದಮೊದಲು ತೊಂದರೆಯೇನೂ ಆಗಲಿಲ್ಲ. ಯಾಕೆಂದರೆ ರಾಯರ ಕೈ ಸುಮ್ಮನಿರುತ್ತಿರಲಿಲ್ಲ. ದಿನವೂ ಪೂಜೆಗೆ ಮುಂಚೆ ಮೌಸನ್ನು ಅತ್ತಿತ್ತ ಆಡಿಸಿ ತೃಪ್ತಿಪಡುತ್ತಿದ್ದರು. ಆದರೆ ಜಾನಕಮ್ಮನ ಕಾನೂನು ಬಹಳ ಖಡಕ್ಕು: "ಹತ್ತು ಜನ ಮುಟ್ಟಿದ ಆಫೀಸಿನ ಸಾಮಾನು ಅದು. ಅದನ್ನ ಮುಟ್ಟಿದ ಕೈಲಿ ದೇವರಮನೆಗೆ ಬರೋ ಹಾಗಿಲ್ಲ. ತಲೆಗೆ ತಣ್ಣೀರು ಸುರ್ಕೊಂಡು ಮಡಿ ಉಟ್ಕೊಂಡು ಬನ್ನಿ." ಹಾಗಾಗಿ ರಾಯರು ಮುಂಜಾನೆ ಎರಡು ಸಲ ಸ್ನಾನ ಮಾಡುವ ನಂಜನಗೂಡಿನ ಏಕೈಕ ಗೃಹಸ್ಥರಾದರು. ಅದಕ್ಕೂ ಬೀದಿಯಲ್ಲಿ ಗೌರವವೇ ಬಂತು.

ಗೌರವ ಶಿಖರಕ್ಕೇರಿದ್ದು ಒಂದು ಏಕಾದಶಿಯ ಹೊತ್ತಿಗೆ. ಏಕಾದಶಿ ಇವತ್ತೋ ನಾಳೆಯೋ ಎಂದು ಎರಡು ಮಠಗಳ ಕ್ಯಾಲೆಂಡರು ಬೇರೆ ಬೇರೆ ಹೇಳುತ್ತಿದ್ದವು. ದಶಮಿಯ ಸೋಂಕು ಒಂದು ಚೂರು ತಗುಲಿದರೂ ವೈಷ್ಣವರು ಉಪವಾಸವನ್ನು ಮರುದಿನಕ್ಕೆ ಹಾಕುವುದರಿಂದ ಈ ಗಲಾಟೆ ವರ್ಷದಲ್ಲಿ ನಾಲ್ಕಾರು ಸಲ ಇದ್ದದ್ದೇ. ರಾಯರು ಪರದೆ ನೋಡಿ "ನಾಳೆ" ಎಂದರು. ಸಂಜೆ ಊರಿನ ಮಠದಿಂದಲೂ "ನಾಳೆ" ಎಂದೇ ಬಂತು. ಅಂದಿನಿಂದ ಬೀದಿಯ ಏಳು ಮನೆಯವರು ಗೋಡೆಯ ಕ್ಯಾಲೆಂಡರನ್ನು ತೆಗೆದು ಅಟ್ಟಕ್ಕೆ ಹಾಕಿದರು. ಮೊಳೆ ಮಾತ್ರ ಉಳಿಯಿತು, ಅದಕ್ಕೆ ಛತ್ರಿ ನೇತುಹಾಕಿದರು.

ಕೀರ್ತಿ ಮೂವತ್ತು ಕಿಲೋಮೀಟರು ಹಾರಿ ತಿ. ನರಸೀಪುರಕ್ಕೆ ಹೋಗಿ ಬಿತ್ತು. ಅಲ್ಲಿ ಸಂಗಮದ ಹತ್ತಿರದ ಚಿಕ್ಕ ಮಠವೊಂದನ್ನು ನೋಡಿಕೊಳ್ಳುವ ರಘೂತ್ತಮಾಚಾರ್ಯರು ಒಂದು ದಿನ ಫೋನು ಮಾಡಿದರು.

"ರಾಯರೇ, ನಿಮ್ಮ ಯಂತ್ರದ ಸುದ್ದಿ ಕೇಳಿದೆ. ನಮ್ಮ ಮಠದ ಹಜಾರದಲ್ಲೂ ಅಂಥದ್ದೊಂದು ಇರಲಿ ಅಂತ. ನೀವೇ ನಿಂತು ಮಾಡಿಸಿಕೊಡಬೇಕು. ಪಕ್ಕದಲ್ಲಿ ನಿಮ್ಮ ಹೆಸರಿನ ಒಂದು ಬೋರ್ಡು ಹಾಕಿಸ್ತೀವಿ, ಸೇವಾಕರ್ತರು ಅಂತ."

ಬೋರ್ಡು ಎಂಬ ಮಾತು ಕಿವಿಗೆ ಬಿದ್ದದ್ದೇ ರಾಯರು ಫೋನು ಹಿಡಿದುಕೊಂಡೇ ಎದ್ದು ನಿಂತರು. ಮೂವತ್ತೊಂದು ವರ್ಷ ದುಡಿದರೂ ಅವರ ಹೆಸರು ಉಗ್ರಾಣದ ಬಾಗಿಲ ಮೇಲೆ ಒಮ್ಮೆಯೂ ಬಂದಿರಲಿಲ್ಲ. ಅಲ್ಲಿದ್ದದ್ದು ‘ಬೆಂಕಿಪೆಟ್ಟಿಗೆ ಒಳಗೆ ತರಬಾರದು’ ಎಂಬ ಒಂದೇ ಬರಹ.

"ಮೊದಲು ಒಂದು ಸಲ ಕಣ್ಣಾರೆ ನೋಡ್ತೀನಿ," ಎಂದರು ಆಚಾರ್ಯರು. "ಮನೆಯವಳೂ ಬರ್ತಾಳೆ. ದ್ವಾದಶಿ ಪಾರಣೆ ನಿಮ್ಮಲ್ಲೇ ಇಟ್ಕೊಳ್ಳೋಣ."

"ಬರೋ ದ್ವಾದಶಿಗೇ ಬಂದ್ಬಿಡಿ," ಎಂದರು ರಾಯರು.

ಇಂಥ ಜನ ತಾರೀಖು ಹೇಳುವುದಿಲ್ಲ. ತಿಥಿ ಹೇಳಿದ ಮೇಲೆ ತಾರೀಖು ಯಾತಕ್ಕೆ?

ಆ ವಾರ ಚಳಿ ಜೋರಾಗಿತ್ತು. ರಾಯರಿಗೆ ನೆಗಡಿಯಾಯಿತು. ಸಾಮಾನ್ಯ ನೆಗಡಿಯಲ್ಲ, ಅವರು ಒಂದು ಸೀನು ಸೀನಿದರೆ ಆಚೆ ದಡದಲ್ಲಿ ಬಟ್ಟೆ ಒಗೆಯುತ್ತಿದ್ದವರು ಚಿರಂಜೀವಿ ಎಂದು ಹರಸುತ್ತಿದ್ದರು. ಈ ಸ್ಥಿತಿಯಲ್ಲಿ ತಣ್ಣೀರಿನ ಎರಡನೇ ಸ್ನಾನ ಹೇಗೆ ಸಾಧ್ಯ? ಮೌಸನ್ನು ಮುಟ್ಟಿದರೆ ತಾನೇ ಸ್ನಾನ? ದಶಮಿಯ ಬೆಳಿಗ್ಗೆ ಪರದೆ ಸರಿಯಾಗಿ ‘ದಶಮಿ’ ಎಂದು ತೋರಿಸಿತು. ರಾಯರು ದೂರದಿಂದಲೇ ಕೈಮುಗಿದು ಕಂಬಳಿ ಹೊದ್ದುಕೊಂಡರು. ಯಾರೂ ಮುಟ್ಟಲಿಲ್ಲ, ಏನೂ ಅಲುಗಲಿಲ್ಲ. ಯಂತ್ರದೊಳಗಿನದು ಸುಖವಾಗಿ ಮಲಗಿತು. ಮರುದಿನದ ಸೂರ್ಯ ಬಂದ. ಡ್ರೈವರು ಎಬ್ಬಿಸಲು ಮರೆಯಿತು. ಪರದೆ ತನ್ನ ಜ್ಞಾಪಕಶಕ್ತಿಯನ್ನು ನೆಚ್ಚಿಕೊಂಡು ‘ದಶಮಿ’ ಎಂದೇ ಹೇಳುತ್ತ ಕೂತಿತು.

ಆ ಬೆಳಿಗ್ಗೆ ಮೊದಲು ಅನುಮಾನಪಟ್ಟವನು ಚಿಕ್ಕಯ್ಯನಛತ್ರದ ಕಡೆಯಿಂದ ಸೈಕಲ್ಲಿನಲ್ಲಿ ಬಾಳೆಎಲೆ ತರುವ ಶಿವಸ್ವಾಮಿ.

"ಅಯ್ನೋರೆ, ಈ ಬೀದೀಲಿ ಮಾತ್ರ ಎಲ್ರೂ ಎಲೆ ಕೇಳ್ತಾವ್ರೆ. ಮೇಗಡೆ ಬೀದೀಲಿ ಒಂದ್ ಎಲೆ ಓಗ್ನಿಲ್ಲ. ಇವತ್ತು ಏಕಾದ್ಸಿ ಅಲ್ವ್ರಾ?"

ರಾಯರು ಕಂಬಳಿಯೊಳಗಿಂದ ಕರುಣೆಯಿಂದ ನಕ್ಕರು. "ಶಿವಸ್ವಾಮಿ, ನೀನು ಎಲೆ ನೋಡಿ ತಿಥಿ ಹೇಳ್ತೀಯ. ನಾನು ತಿಥಿ ನೋಡಿ ಎಲೆ ತಗೋತೀನಿ. ಅಲ್ಲಿ ನೋಡು, ಏನು ಬರೆದಿದೆ?"

"ನಂಗೇನ್ ಗೊತ್ತಾಯ್ತದೆ ಸಾ. ನಾ ಕಂಡಂಗೆ ಇಪ್ಪತ್ ವರ್ಸದಿಂದ ಎಲೆ ಓಗ್ದಿರೋ ದಿನಾನೇ ಏಕಾದ್ಸಿ."

ಅಷ್ಟರಲ್ಲಿ ಸುಚೇತಾ ಟೀಚರು ಫೋನು ಹಿಡಿದುಕೊಂಡು ಬಂದರು. ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದವರು. ಯಾರು ಏನು ಹೇಳಿದರೂ ‘ಹೇಗೆ’ ಎಂದು ಕೇಳುವ ಕೆಟ್ಟ ಚಾಳಿ ಇನ್ನೂ ಹೋಗಿರಲಿಲ್ಲ.

"ರಾಯರೇ, ನನ್ನ ಫೋನಿನಲ್ಲಿ ಏಕಾದಶಿ ಅಂತಿದೆ. ನಿಮ್ಮದು ದಶಮಿ ಅಂತಿದೆ. ಹೇಗೆ?"

"ಫೋನು ಸ್ಮಾರ್ತರದ್ದಮ್ಮ," ಎಂದರು ರಾಯರು, ಸೀನನ್ನು ನುಂಗಿಕೊಂಡು. "ದಶಮಿ ಸೋಂಕಿರುತ್ತೆ. ನಮಗೆ ಉಪವಾಸ ನಾಳೆ. ಯಂತ್ರಕ್ಕೆ ಈ ಸೂಕ್ಷ್ಮ ಎಲ್ಲ ಗೊತ್ತು."

ಟೀಚರು ಒಂದು ಕ್ಷಣ ಪರದೆಯನ್ನೂ ಫೋನನ್ನೂ ನೋಡಿದರು. ಹಿಂದಿನ ತಿಂಗಳು ಹೀಗೇ ವಾದ ಮಾಡಿ ಸೋತಿದ್ದ ನೆನಪು ಹಸಿಯಾಗಿತ್ತು. "ಸರಿ ಬಿಡಿ. ಹೇಗೂ ಕಡಲೆಬೇಳೆ ನೆನೆಸಿಟ್ಟಿದ್ದೆ," ಎಂದು ಹೋದರು.

ಅಂದು ಆ ಬೀದಿಯ ಏಳು ಮನೆಗಳಲ್ಲಿ ನಡೆದ ಊಟವನ್ನು ವರ್ಣಿಸುವುದು ಕಷ್ಟ. ನಾಳೆ ಉಪವಾಸವೆಂದ ಮೇಲೆ ಇವತ್ತು ಗಟ್ಟಿಯಾಗಿ ಉಣ್ಣಬೇಕಲ್ಲ. ಅಂಬೊಡೆ ಕರಿದ ಘಮ ದೇವಸ್ಥಾನದ ಗೋಪುರವನ್ನು ಮೂರು ಸುತ್ತು ಹಾಕಿ, ಉಪವಾಸವಿದ್ದ ಮೇಲಿನ ಬೀದಿಯ ಮೂಗುಗಳಿಗೆ ಬಡಿಯಿತು. ಜಾನಕಮ್ಮ ಹಬೆಯಾಡುವ ಹುಳಿಯನ್ನ ಬಡಿಸಿ, ಮೇಲೆ ತುಪ್ಪ ಸುರಿದರು. ರಾಯರ ನೆಗಡಿ ಅರ್ಧ ಇಳಿಯಿತು.

ಮರುದಿನ ಬೆಳಿಗ್ಗೆ ಆರೂಕಾಲಕ್ಕೆ ಬಾಗಿಲು ಬಡಿದ ಸದ್ದಾಯಿತು. ಹೊಳೆಯಲ್ಲಿ ಮಿಂದು ಒದ್ದೆ ಪಂಚೆಯಲ್ಲಿ ರಘೂತ್ತಮಾಚಾರ್ಯರು ನಿಂತಿದ್ದರು. ಜೊತೆಯಲ್ಲಿ ಅವರ ಹೆಂಡತಿ ಪ್ರಿಯಂವದಮ್ಮ. ಇಬ್ಬರೂ ಹಿಂದಿನ ದಿನವಿಡೀ ಒಂದು ಗುಟುಕು ನೀರು ಸಹ ಕುಡಿಯದೆ, ನಸುಕಿನಲ್ಲೇ ಬಾಡಿಗೆ ಕಾರು ಹಿಡಿದು ಬಂದಿದ್ದರು. ಆಚಾರ್ಯರ ಹೊಟ್ಟೆ ಬೆನ್ನಿಗೆ ಅಂಟಿತ್ತು. ದ್ವಾದಶಿ ಆರು ಐವತ್ತೆರಡಕ್ಕೆ ಮುಗಿಯುತ್ತಿತ್ತು. ಅದರೊಳಗೆ ಪಾರಣೆಯೆಂದು ಬಾಯಿಗೆ ಏನಾದರೂ ಬೀಳದಿದ್ದರೆ ನಲವತ್ತು ವರ್ಷ ತಪ್ಪದೆ ನಡೆಸಿಕೊಂಡು ಬಂದ ವ್ರತ ನೀರಿಗೆ ಬಿದ್ದಂತೆ.

ರಾಯರಿಗೆ ಅವರನ್ನು ಕಂಡು ಆಶ್ಚರ್ಯ. ನಾಳೆ ಬರಬೇಕಾದವರು ಇವತ್ತೇ ಬಂದಿದ್ದಾರೆ. ಅದೂ ಏಕಾದಶಿಯ ದಿನ, ಹೇಳದೆ ಕೇಳದೆ. ಬೋರ್ಡು ಕೊಡುವ ಮುಂಚೆ ಮನೆಯ ಆಚಾರ ನೋಡಲು ಬಂದಿರಬೇಕೆಂದು ಅವರ ಮನಸ್ಸು ಕೂಡಲೇ ಲೆಕ್ಕ ಹಾಕಿತು.

"ಬನ್ನಿ ಆಚಾರ್ಯರೇ, ಬನ್ನಿ. ಕೂತ್ಕೊಳಿ."

"ಕೂರೋದೆಲ್ಲ ಆಮೇಲೆ ರಾಯರೇ," ಎಂದರು ಆಚಾರ್ಯರು. "ಎಲೆ ಹಾಕಿಸ್ಬಿಡಿ."

ರಾಯರು ನಸುನಕ್ಕರು. ಪರೀಕ್ಷೆ ಶುರುವಾಯಿತು. "ಎಲೆನಾ? ಈ ಮನೇಲಾ? ಇವತ್ತಾ? ನಮ್ಮನ್ನ ಏನು ಅಂದ್ಕೊಂಡಿದ್ದೀರಿ ಆಚಾರ್ಯರೇ. ಇವತ್ತು ಈ ಮನೇಲಿ ಒಲೆ ಹಚ್ಚಿಲ್ಲ, ಹಚ್ಚೋದೂ ಇಲ್ಲ."

ಆಚಾರ್ಯರು ಹೆಂಡತಿಯ ಮುಖ ನೋಡಿದರು. ಹೆಂಡತಿ ಗೋಡೆಯ ಗಡಿಯಾರ ನೋಡಿದರು. "ತಮಾಷೆ ಸಾಕು ರಾಯರೇ. ಅನ್ನ ಸಾರಾದ್ರೂ ಸಾಕು," ಎಂದರು ಪ್ರಿಯಂವದಮ್ಮ.

"ಅಮ್ಮಾ, ನೀವೂ ಸೇರ್ಕೊಂಡಿದ್ದೀರಾ," ಎಂದು ರಾಯರು ಬೆರಳಾಡಿಸಿದರು. "ಸಾರಲ್ಲ, ಸಾಸಿವೆ ಕಾಳೂ ಇಲ್ಲ. ನೀವೆಷ್ಟೇ ಕೇಳಿ, ನಾನು ಬಗ್ಗೋವನಲ್ಲ."

ಒಳಗಿನಿಂದ ಜಾನಕಮ್ಮ ಬಾಗಿಲ ಸಂದಿಯಲ್ಲಿ ಇಣುಕಿ, "ರೀ, ಪಾಪ ತುಂಬಾ ಸುಸ್ತಾದ ಹಾಗಿದ್ದಾರೆ," ಎಂದು ಪಿಸುಗುಟ್ಟಿದರು.

"ನಾಟಕ ಕಣೇ. ನೀನು ಒಳಗೆ ಹೋಗು," ಎಂದು ರಾಯರು ಅವರಿಗಿಂತ ಸಣ್ಣಗೆ ಪಿಸುಗುಟ್ಟಿದರು.

ಆರೂವರೆಯಾಯಿತು. ಆಚಾರ್ಯರ ದನಿ ಏರಿತು. "ರಾಯರೇ, ಒಂದು ಹಣ್ಣಾದ್ರೂ ಕೊಡ್ತೀರೋ ಇಲ್ವೋ?"

"ನಿಮ್ಮಂಥ ದೊಡ್ಡವರು ಹಣ್ಣು ಕೇಳಿದಾಗ ಇಲ್ಲ ಅನ್ನೋಕೆ ಎಷ್ಟು ಧೈರ್ಯ ಬೇಕು ಗೊತ್ತಾ? ಅದು ನನಗಿದೆ," ಎಂದರು ರಾಯರು. ಅವರ ಕಣ್ಣು ತಮ್ಮ ನಿಷ್ಠೆಗೆ ತಾವೇ ಮೆಚ್ಚಿ ಒದ್ದೆಯಾಗಿತ್ತು. ನೆಗಡಿಯ ನೀರೂ ಅದಕ್ಕೆ ಸೇರಿತು.

ಆ ಗಳಿಗೆಗೇ ಬೀದಿಯಿಂದ ಶಿವಸ್ವಾಮಿಯ ಕೂಗು. "ಅಗಸೇ ಸೊಪ್ಪು, ಅಗಸೇ ಸೊಪ್ಪು." ಕಿಟಕಿಯಲ್ಲಿ ಅವನ ತಲೆ ಕಾಣಿಸಿತು. "ಅಯ್ನೋರೆ, ದ್ವಾದ್ಸಿಗೆ ಅಂತ ಮುಂಜಾನೇಲೆ ಕುಯ್ಕಂಡ್ ಬಂದಿವ್ನಿ. ಏಟ್ ಕಟ್ಟು ಕೊಡ್ಲಿ?"

"ನಿನಗೂ ಹೇಳಿಕೊಟ್ಟು ಕಳಿಸಿದ್ದಾರಾ?" ಎಂದರು ರಾಯರು.

"ಯಾರ್ ಯೋಳ್ಕೊಟ್ರು ಸಾ? ಸೊಪ್ಪು ನಮ್ ತ್ವಾಟದ್ದೆಯ."

ಆಚಾರ್ಯರ ತಲೆಯಲ್ಲಿ ಏನೋ ಮಿಂಚಿತು. "ರಾಯರೇ, ಇವತ್ತು ತಿಥಿ ಯಾವುದು ಅಂದ್ಕೊಂಡಿದ್ದೀರಿ?"

"ಅಂದ್ಕೊಳ್ಳೋದೇನು, ಏಕಾದಶಿ. ಯಂತ್ರ ಈಗ ತೋರಿಸುತ್ತೆ ನೋಡಿ. ಸೂರ್ಯ ಹುಟ್ಟಲಿ, ದಶಮಿ ಹೋಗಿ ಏಕಾದಶಿ ಬರುತ್ತೆ."

ಎಲ್ಲರೂ ಪರದೆಯತ್ತ ತಿರುಗಿದರು. ಸೂರ್ಯ ಹುಟ್ಟಿದ. ಕಿಟಕಿಯ ಸರಳಿನ ನೆರಳು ಗೋಡೆಯ ಮೇಲೆ ಬಿತ್ತು. ಪರದೆ ‘ದಶಮಿ’ ಎಂದಿತು. ಆರು ನಲವತ್ತೈದಾಯಿತು. ಪರದೆ ಮತ್ತೂ ‘ದಶಮಿ’ ಎಂದಿತು. ರಾಯರು ಗಂಟಲು ಸರಿಮಾಡಿಕೊಂಡರು.

"ದಶಮಿ ಮೊನ್ನೆ ಇತ್ತು ಕಣ್ರೀ," ಎಂದು ಗುಡುಗಿ, ಆಚಾರ್ಯರು ಮೇಜಿನ ಮೇಲೆ ಕೈ ಅಪ್ಪಳಿಸಿದರು.

ಮೌಸು ಒಂದು ಗೇಣು ಹಾರಿ ಬಿತ್ತು. ಪರದೆ ಒಮ್ಮೆ ರೆಪ್ಪೆ ಬಡಿಯಿತು. ‘ದಶಮಿ’ ಮಾಯವಾಗಿ, ನಡುವೆ ಇನ್ನೊಂದು ತಿಥಿ ಇತ್ತೆಂಬ ಸುಳಿವನ್ನೂ ಕೊಡದೆ, ‘ದ್ವಾದಶಿ’ ಬಂದು ನಿಂತಿತು.

ಕಿಟಕಿಯ ಹೊರಗೆ ಗಲಾಟೆ ಕೇಳಿ ಬಂದಿದ್ದ ಸುಚೇತಾ ಟೀಚರು ಸರಳು ಹಿಡಿದು ನಿಂತಿದ್ದರು. ಬೇರೆ ಯಾರೇ ಆಗಿದ್ದರೂ ಆಗ ತಪ್ಪೊಪ್ಪಿಕೊಂಡು ಕಾಲಿಗೆ ಬೀಳುತ್ತಿದ್ದರು. ಆದರೆ ಬೋರ್ಡು ಕೈತಪ್ಪುವ ಗಳಿಗೆಯಲ್ಲಿ ಮನುಷ್ಯನಿಗೆ ಎಲ್ಲಿಂದಲೋ ಪಾಂಡಿತ್ಯ ಬರುತ್ತದೆ.

"ಕ್ಷಯ," ಎಂದರು ರಾಯರು.

"ಏನು?"

"ಕ್ಷಯ ತಿಥಿ. ಒಂದೊಂದು ಪಕ್ಷದಲ್ಲಿ ಒಂದು ತಿಥಿ ಲೋಪವಾಗುತ್ತಲ್ಲ. ಈ ಸಲ ಏಕಾದಶಿಯೇ ಲೋಪ ಆಗಿದೆ. ಯಂತ್ರ ಎಷ್ಟು ಸೂಕ್ಷ್ಮ ನೋಡಿ."

"ಹಾಗಾದ್ರೆ ನಿನ್ನೆ ನಾವು ನೀರು ಕುಡೀದೆ ಕೂತಿದ್ದು ಯಾವ ತಿಥಿಗೆ?" ಎಂದರು ಪ್ರಿಯಂವದಮ್ಮ.

ಉತ್ತರ ಕಿಟಕಿಯಿಂದ ಬಂತು. "ನಾನು ನಿನ್ನೆ ಹನ್ನೊಂದು ಅಂಬೊಡೆ ತಿಂದೆ," ಎಂದರು ಸುಚೇತಾ ಟೀಚರು, ಲೆಕ್ಕ ಒಪ್ಪಿಸುವ ದನಿಯಲ್ಲಿ. "ಏಕಾದಶಿಗೆ ಹನ್ನೊಂದು."

ಜಾನಕಮ್ಮ ಮಾತ್ರ ಒಂದು ಕ್ಷಣವೂ ಹಾಳು ಮಾಡಲಿಲ್ಲ. ದೇವರಮನೆಯಿಂದ ತುಳಸಿ ತೀರ್ಥದ ಬಟ್ಟಲು ಹಿಡಿದು ಓಡಿಬಂದು, "ಆಚಾರ್ಯರೇ, ಕೈ ಒಡ್ಡಿ. ಇದರಲ್ಲೇ ಪಾರಣೆ ಆಯ್ತು ಅನ್ಕೊಳಿ. ಅಡುಗೆ ಆಮೇಲೆ ಆಗುತ್ತೆ," ಎಂದರು. ಆರು ಐವತ್ತೊಂದಕ್ಕೆ ಆಚಾರ್ಯರೂ ಪ್ರಿಯಂವದಮ್ಮನೂ ತೀರ್ಥ ತಗೊಂಡರು. ನಲವತ್ತು ವರ್ಷದ ವ್ರತ ಒಂದು ನಿಮಿಷದ ಅಂತರದಲ್ಲಿ ಬದುಕಿತು.

ಅಷ್ಟು ಹೊತ್ತಿಗೆ ಏಳು ಮನೆಯವರೂ ಜಗಲಿಯ ಮುಂದೆ ಸೇರಿದ್ದರು. ಒಬ್ಬರು ಪಾಪಕ್ಕೆ ಪರಿಹಾರ ಕೇಳಿದರು, ಇನ್ನೊಬ್ಬರು ತಮ್ಮ ಕ್ಯಾಲೆಂಡರು ಅಟ್ಟದಲ್ಲಿ ಇಲಿ ಪಾಲಾಗಿದ್ದಕ್ಕೆ ಹೊಣೆ ಯಾರೆಂದು ಕೇಳಿದರು. ಆಚಾರ್ಯರು ಗೋಡೆಗೊರಗಿ ಕೂತು, ಎಲ್ಲರನ್ನೂ ಒಂದು ಸುತ್ತು ನೋಡಿ ತೀರ್ಪು ಕೊಟ್ಟರು.

"ನಿನ್ನೆ ಉಂಡವರೆಲ್ಲ ಇವತ್ತು ಉಪವಾಸ ಮಾಡಿ. ನಿರ್ಜಲ. ನಾವಿಬ್ಬರು ಮಾತ್ರ ಊಟ ಮಾಡ್ತೀವಿ."

ಹಾಗೆ ಆ ದಿನ ಆ ಬೀದಿಯಲ್ಲಿ ಒಂದೇ ಒಲೆ ಉರಿಯಿತು. ಉಪವಾಸದ ಜಾನಕಮ್ಮ ಅಗಸೆ ಸೊಪ್ಪಿನ ಪಲ್ಯ, ನೆಲ್ಲಿಕಾಯಿ ತಂಬುಳಿ, ಹೆಸರುಬೇಳೆ ಪಾಯಸ ಮಾಡಿದರು. ಏಳು ಮನೆಯವರು ಜಗಲಿಯಲ್ಲಿ ಕೂತು ಘಮ ಕುಡಿದರು. ಉಪವಾಸದ ರಾಯರು ಬಗ್ಗಿ ಬಗ್ಗಿ ಬಡಿಸಿದರು. ಆಚಾರ್ಯರು ಮೂರು ಸಲ ಪಾಯಸ ಹಾಕಿಸಿಕೊಂಡರು. ಮೂರನೆಯದನ್ನು ಹಸಿವಿಗೆ ಹಾಕಿಸಿಕೊಂಡರೋ ಸೇಡಿಗೋ ಎಂಬುದು ಇಂದಿಗೂ ತೀರ್ಮಾನವಾಗಿಲ್ಲ.

ಕೈ ತೊಳೆದು ಬಂದ ಆಚಾರ್ಯರ ಮುಂದೆ ರಾಯರು ಬಾಗಿಲಿನ ಪಕ್ಕ ಮುದುಡಿ ನಿಂತರು. ಕೇಳಬಾರದೆಂದು ಗೊತ್ತಿದ್ದರೂ ಬಾಯಿ ಕೇಳಿತು. "ಬೋರ್ಡು?"

ಆಚಾರ್ಯರು ಒದ್ದೆ ಕೈ ಒರೆಸಿಕೊಳ್ಳುತ್ತ ಅವರತ್ತ ತಿರುಗಿದರು. ಹೊಟ್ಟೆ ತುಂಬಿದ ಮೇಲೆ ಮನುಷ್ಯನಿಗೆ ಬೇರೆಯೇ ಕಣ್ಣು ಬರುತ್ತದೆ. "ಏಕಾದಶಿ ಅಂತ ನಂಬಿದ ಮೇಲೆ ನನಗೇ ಒಂದು ಬಾಳೆಹಣ್ಣು ಕೊಡಲಿಲ್ಲ ನೀವು. ಇಂಥ ಹಟಮಾರಿ ನಮ್ಮ ಮಠಕ್ಕೆ ಬೇಕು. ಯಂತ್ರ ಬರಲಿ. ಆದರೆ ಅದನ್ನ ನಂಬೋ ಹಾಗಿಲ್ಲ. ದಶಮಿ ಸಂಜೆ ಬಂದು ಮಠದಲ್ಲೇ ಉಳ್ಕೊಳಿ. ಏಕಾದಶಿ, ದ್ವಾದಶಿ ಎರಡು ದಿನವೂ ಸೂರ್ಯ ಹುಟ್ಟಿದ ಕೂಡಲೇ ಆ ಮೌಸು ಅಲುಗಿಸಿ, ಹೊಳೇಲಿ ಮಿಂದು, ಪಾರಣೆ ಊಟ ಮುಗಿಸ್ಕೊಂಡು ಹೊರಡಿ. ಮಿಕ್ಕ ದಿನ ಅದು ಏನು ತೋರಿಸಿದ್ರೂ ಯಾರ ಹೊಟ್ಟೆಗೂ ಸಂಬಂಧ ಇಲ್ಲ."

ತಿಂಗಳು ಕಳೆಯುವುದರೊಳಗೆ ತಿ. ನರಸೀಪುರದ ಮಠದ ಹಜಾರದಲ್ಲಿ ರಾಯರ ಯಂತ್ರವೇ ಹೋಗಿ ಕೂತಿತು. ಪಕ್ಕದ ಬೋರ್ಡಿನಲ್ಲಿ ಹಳದಿ ಅಕ್ಷರ: ‘ಪಂಚಾಂಗ ಚಾಲನ ಸೇವೆ, ಶ್ರೀ ಬದರೀನಾರಾಯಣ ರಾಯರು, ನಂಜನಗೂಡು.’ ಪ್ರತಿ ಏಕಾದಶಿಯ ಬೆಳಿಗ್ಗೆ ರಾಯರು ಎಡಗೈ ಸೊಂಟದ ಮೇಲಿಟ್ಟು ಬಲಗೈಯಿಂದ ಮೌಸನ್ನು ಅಲುಗಿಸುವಾಗ ಮೂವತ್ತು ನಲವತ್ತು ಜನ ಕೈಮುಗಿದು ನಿಲ್ಲುತ್ತಾರೆ. ತಿಥಿ ಬದಲಾದೊಡನೆ ಶಂಖ ಊದುತ್ತಾರೆ. ತಿಂಗಳಲ್ಲಿ ಎರಡು ಸಲ ಗಂಡನನ್ನು ಬಸ್ಸು ಹತ್ತಿಸುವ ಜಾನಕಮ್ಮನ ಮುಖದ ಕಳೆ ನೋಡಿದವರು, ಈ ಸೇವೆಯ ಪುಣ್ಯದಲ್ಲಿ ಅವರಿಗೂ ಪಾಲಿದೆ ಎನ್ನುತ್ತಾರೆ.

ಒಂದು ದಶಮಿಯ ಸಂಜೆ ಸಮೀರನೂ ಮಠಕ್ಕೆ ಬಂದ. ಯಂತ್ರದ ಮುಂದೆ ಕೂತು ಅಲ್ಲಿ ಇಲ್ಲಿ ಒತ್ತಿ ನೋಡಿ ಹೇಳಿದ: "ಮಾವ, ಅದೇ ಹಳೇ ಗುರುತು ಇನ್ನೂ ಹಾಗೇ ಬಿಟ್ಟಿದ್ದೀರಲ್ಲ. ಇದನ್ನ ತೆಗೆದುಬಿಡ್ತೀನಿ, ಅರ್ಧ ನಿಮಿಷ. ಆಮೇಲೆ ತಾನಾಗೇ ಬದಲಾಗುತ್ತೆ. ನೀವು ಬಸ್ಸು ಹತ್ತೋದೇ ಬೇಡ."

ರಾಯರು ಹಜಾರದ ಆ ತುದಿಯಿಂದ ಈ ತುದಿಗೆ ಬಂದ ವೇಗಕ್ಕೆ ಗೋಡೆಯ ದೀಪಗಳು ತೂಗಾಡಿದವು. ಅಳಿಯನ ಕೈಯನ್ನು ಮೇಜಿನಿಂದ ಮೆಲ್ಲನೆ ಎತ್ತಿ, ಅವನ ತೊಡೆಯ ಮೇಲಿಟ್ಟು, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡರು.

"ಮಲಗಿರೋದನ್ನ ಯಾಕೋ ಎಬ್ಬಿಸ್ತೀಯ," ಎಂದರು. "ಎಬ್ಬಿಸೋಕೆ ನಾನಿಲ್ವಾ?"